ಸಿಪ್ಪೆ ಇಲ್ಲದ ಫ್ಲಾಸ್ಕ್

ಮಂಗಳೂರಿನ ಸಣ್ಣ ಲ್ಯಾಬೊಂದರಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಸೇರಿದ ಎರಡನೇ ವರ್ಷ ಬೈಕಂಪಾಡಿ ಕಡೆಯಿಂದ ಒಂದು ಕ್ಯಾನ್ ನೀರು ಬಂತು. ಬೋಲ್ಟ್‌ಗಳಿಗೆ ಸತುವಿನ ಲೇಪ ಕೊಟ್ಟು ತೊಳೆದ ನೀರು ಅದು. ಪಿಎಚ್ (ಹುಳಿ, ಕ್ಷಾರದ ಅಳತೆ; 7 ಅಂದರೆ ಎರಡೂ ಅಲ್ಲ, ಅದಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ) 3ರ ಹತ್ತಿರ, ಒಳ್ಳೇ ಹುಳಿ. ಹೊಳೆ ತೋಡಿಗೆ ಬಿಡಬೇಕಾದರೆ ಲೀಟರಿಗೆ 5 ಮಿಲಿಗ್ರಾಂಗಿಂತ ಜಾಸ್ತಿ ಸತು ಇರಬಾರದು.

ಈ ಸತುವನ್ನು ಅಡಿಕೆ ಸಿಪ್ಪೆಯಲ್ಲಿ ತೆಗೆದು ನೋಡುವ ಅಂತ ಹೊರಟೆ. ಅದರ ನಾರಿನಲ್ಲಿರುವ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್ ಗುಂಪುಗಳು ನೀರಿನಲ್ಲಿ ಕರಗಿದ ಲೋಹದ ಅಯಾನುಗಳನ್ನು (ವಿದ್ಯುದಂಶ ಇರುವ ಕಣಗಳನ್ನು) ಹಿಡಿದುಕೊಳ್ಳುತ್ತವೆ. ಮನೆಯಲ್ಲಿ ಬಚ್ಚಲು ಒಲೆಗೆ ಇಟ್ಟಿದ್ದ ಸಿಪ್ಪೆ ಒಂದು ಚೀಲ ತಂದೆ. ಜೂನ್ ತಿಂಗಳು ಬೇರೆ, ಎರಡೇ ದಿನಕ್ಕೆ ಬೂಸ್ಟು ಹಿಡಿಯಿತು! ಅದನ್ನು ಎಸೆದು ಇನ್ನೊಂದು ಚೀಲ ತಂದು ಓವನ್‌ನಲ್ಲಿ ಒಣಗಿಸಿ ಪುಡಿ ಮಾಡಿದೆ. ಕಂದು ಬಣ್ಣ ಬಿಡಲಿ ಅಂತ ಕಾಸ್ಟಿಕ್ ಸೋಡಾ ಎಂಬ ಜೋರು ಕ್ಷಾರದಲ್ಲಿ ನೆನೆಸಿದೆ, ಎರಡು ಸಲ ತೊಳೆದೆ.

100 ಮಿಲಿ ನೀರಿಗೆ 1 ಗ್ರಾಂ ಪುಡಿ. ಒಂದು ಗಂಟೆ ಅಲುಗಾಡಿಸಿ, ಸೋಸಿ, ಅಳೆದರೆ ಸತು ಹೆಚ್ಚುಕಡಿಮೆ ಮಾಯ. ನಾನಂತೂ ವರದಿಗೆ ತಲೆಬರಹವನ್ನೂ ಯೋಚಿಸಿಬಿಟ್ಟಿದ್ದೆ.

ಹಿರಿಯ ಮೇಡಂ ಕೇಳಿದ್ದು ಎರಡೇ ಮಾತು. "ಪಿಎಚ್ ಈಗ ಎಷ್ಟುಂಟು? ಸಿಪ್ಪೆ ಹಾಕದೆ ಮಾಡಿದ್ದೀಯಾ?"

ಪಿಎಚ್ 9 ಇತ್ತು. ಸರಿಯಾಗಿ ತೊಳೆಯದ ಪುಡಿಯಲ್ಲಿದ್ದ ಕಾಸ್ಟಿಕ್ ನೀರಿಗೆ ಇಳಿದಿತ್ತು. ಅದೇ ಹುಳಿ ನೀರನ್ನು ಇನ್ನೊಂದು ಫ್ಲಾಸ್ಕಿಗೆ ಹಾಕಿ, ಸಿಪ್ಪೆ ಇಲ್ಲದೆ ಬರೀ ಕಾಸ್ಟಿಕ್ ಹನಿಸಿ 9ಕ್ಕೆ ತಂದೆ. ನೀರೆಲ್ಲ ಬಿಳಿ ಬಿಳಿ. ಸತು ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂತಿತು. ಸೋಸಿ ಅಳೆದರೆ ಇಲ್ಲೂ ಸತು ಇಲ್ಲ! ಮೊದಲ ಸಲ ಆ ಬಿಳಿ ಗಸಿ ಸಿಪ್ಪೆ ಪುಡಿಯ ಜೊತೆ ಫಿಲ್ಟರ್ ಪೇಪರಿನಲ್ಲಿ ಉಳಿದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದಿಷ್ಟು ಸುಣ್ಣ ಹಾಕಿದ್ದರೂ ಇಷ್ಟೇ ಆಗುತ್ತಿತ್ತು, ಚೀಲ ಹೊರುವ ಕೆಲಸ ಉಳಿಯುತ್ತಿತ್ತು.

ಮತ್ತೆ ಮಾಡಿದೆ. ತೊಳೆದ ನೀರಿನ ಪಿಎಚ್ 7ಕ್ಕೆ ಬರುವವರೆಗೆ ಪುಡಿ ತೊಳೆದೆ, ಫ್ಲಾಸ್ಕಿನ ಪಿಎಚ್ 5.5 ದಾಟದಂತೆ ನೋಡಿಕೊಂಡೆ. ತೀರಾ ಹುಳಿ ಇದ್ದರೂ ಆಗದು, ಹೈಡ್ರೋಜನ್ ಅಯಾನುಗಳೇ ಸಿಪ್ಪೆಯ ಜಾಗವೆಲ್ಲ ಹಿಡಿದುಬಿಡುತ್ತವೆ. ಈ ಸಲ ಹೋದ ಸತು ಅರ್ಧಕ್ಕೂ ಬರಲಿಲ್ಲ. ಆದರೆ ಅಷ್ಟು ಸಿಪ್ಪೆಯದ್ದೇ. ಈಗ ಸಿಪ್ಪೆ ಇಲ್ಲದ ಫ್ಲಾಸ್ಕನ್ನೇ ಮೊದಲು ಇಡುತ್ತೇನೆ.

ಬಳಸಿ ಉಳಿದ ಸಿಪ್ಪೆ ಪುಡಿ ನೋಡಿ ಅಟೆಂಡರ್ ಅಣ್ಣ ಕೇಳಿದರು, "ತೆಂಗಿನ ಬುಡಕ್ಕೆ ಹಾಕುವುದಾ?" ಬೇಡ ಅಂದೆ. ಹುಳಿ ತಾಗಿದರೆ ಸಿಪ್ಪೆ ಹಿಡಿದ ಸತುವನ್ನು ಬಿಟ್ಟುಕೊಡುತ್ತದೆ. ನಮ್ಮ ಮುರಕಲ್ಲಿನ ಮಣ್ಣು ಮೊದಲೇ ಹುಳಿ. ಸದ್ಯ ಅದು ಲೇಬಲ್ ಅಂಟಿಸಿದ ಡಬ್ಬದಲ್ಲಿ, ಅಪಾಯಕಾರಿ ಕಸದ ಸಾಲಿನಲ್ಲಿ ಕೂತಿದೆ.