ಜೀಪಿನ ಸೀಟು ಬಿಚ್ಚಿ ಮತ್ತೆ ಕಟ್ಟಿದೆ

ಒಂದು ಗಂಟೆ ಓಡಿಸಿದರೆ ಸಾಕು, ಸೊಂಟ ಹಿಡಿದುಕೊಳ್ಳುತ್ತಿತ್ತು. ಹಳೇ ಜೀಪು, ಮುಂದೂ ಹಿಂದೂ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು), ಕುಲುಕೋದು ಸಹಜ ಅಲ್ವಾ ಅಂದುಕೊಂಡು ಸುಮ್ನಿದ್ದೆ. ಒಂದು ದಿನ ಡ್ರೈವರ್ ಸೀಟಿನ ಮೇಲೆ ಅಂಗೈ ಊರಿ ಒತ್ತಿ ನೋಡಿದೆ. ಒಳಗಡೆಯ ಅರ್ಧ ಕೈಯನ್ನು ತಡೆಯಿತು. ಬಾಗಿಲ ಕಡೆಯ ಅರ್ಧದಲ್ಲಿ ಕೈ ನೇರವಾಗಿ ಕೆಳಗಿನ ಕಂಬಿಗೆ ತಾಗಿತು. ಎತ್ತರದ ಗಾಡಿ ನೋಡಿ, ಹತ್ತುವಾಗ ಇಳಿಯುವಾಗ ಪ್ರತಿ ಸಲವೂ ಮೈಭಾರವೆಲ್ಲ ಅದೇ ಅಂಚಿನ ಮೇಲೆ ಬೀಳುತ್ತದೆ. ನಾನು ಇಷ್ಟು ದಿನ ಒಂದು ಕಡೆ ವಾಲಿಕೊಂಡೇ ಓಡಿಸುತ್ತಿದ್ದೆ.

ಬೇಜಾರಾಗಿದ್ದು ಇನ್ನೊಂದು ಕಾರಣಕ್ಕೆ. ಎರಡು ವರ್ಷದ ಹಿಂದೆಯಷ್ಟೇ ಇದಕ್ಕೆ ಹೊಸ ರೆಕ್ಸಿನ್ ಹಾಕಿಸಿದ್ದೆ. ಮೇಲಿಂದ ಈಗಲೂ ಚೆನ್ನಾಗಿಯೇ ಇದೆ. ಒಳಗೆ ಮಾತ್ರ ಹಳೇ ಫೋಮ್ ಹಾಗೇ ಇಟ್ಟು, ಕುಸಿದ ಜಾಗಕ್ಕೆ ಮೆತ್ತನೆಯ ಸ್ಪಂಜಿನ ಚೂರು ತುರುಕಿ ಹೊಲಿದುಬಿಟ್ಟಿದ್ದರು. ಹಾಗಾಗಿ ಈ ಸಲ ನಾನೇ ಬಿಚ್ಚಿದೆ.

ಬೋಲ್ಟುಗಳು ತುಕ್ಕು ಹಿಡಿದಿದ್ದವು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರಿಂದ ತಿರುಗಿದವು. ಸೀಟನ್ನು ಬೋರಲು ಹಾಕಿದರೆ, ಹೊದಿಕೆಯ ಅಂಚನ್ನು ಕಂಬಿಗೆ ಬಿಗಿದ ಸಣ್ಣ ಸಣ್ಣ ತಂತಿ ಉಂಗುರಗಳು ಕಾಣುತ್ತವೆ. ಅವೇ ಹಾಗ್ ರಿಂಗ್. ಇಕ್ಕಳದಲ್ಲಿ ಒಂದೊಂದೇ ಕತ್ತರಿಸಿ ತೆಗೆದೆ. ಹೊದಿಕೆ ಎತ್ತಿದ ಕೂಡಲೇ ಹಳದಿ ಪುಡಿ ಉದುರಿತು. ಫೋಮನ್ನು ಬೆರಳಲ್ಲಿ ಹಿಸುಕಿದರೆ ಒಣಗಿದ ರಸ್ಕಿನ ಹಾಗೆ ಪುಡಿಯಾಗುತ್ತಿತ್ತು, ಜೊತೆಗೆ ಒದ್ದೆ ಚೀಲದ ವಾಸನೆ. ಅದರ ಕೆಳಗೆ ಇರಬೇಕಾದ ಗೋಣಿಬಟ್ಟೆ ಹರಿದುಹೋಗಿತ್ತು. ಹಾವಿನಂತೆ ಬಳುಕಿದ ಸ್ಪ್ರಿಂಗುಗಳಲ್ಲಿ ಒಂದು ಕೊಕ್ಕೆಯಿಂದ ಕಳಚಿಕೊಂಡಿತ್ತು. ಗೋಣಿಬಟ್ಟೆ ಅಲ್ಲಿರೋದು ಸುಮ್ನೆ ಅಲ್ಲ. ಅದಿಲ್ಲದಿದ್ದರೆ ಸ್ಪ್ರಿಂಗು ಪ್ರತಿ ಕುಲುಕಿಗೂ ಫೋಮನ್ನು ಕೆಳಗಿನಿಂದ ಗರಗಸದ ಹಾಗೆ ಕೊಯ್ಯುತ್ತದೆ.

ಚೌಕಟ್ಟಿನಲ್ಲಿ ಒಂದು ಬಿರುಕಿತ್ತು, ವೆಲ್ಡ್ ಮಾಡಿಸಿದೆ. ಇದನ್ನು ದಯವಿಟ್ಟು ಗಾಡಿಯಿಂದ ಹೊರಗೆ, ದೂರದಲ್ಲಿ ಮಾಡಿಸಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಕಾಲದಿಂದಲೂ ಇಂಥ ಎಷ್ಟೋ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದು ಸೀಟಿನ ಕೆಳಗೇ. ಆಮೇಲೆ ವೈರ್ ಬ್ರಷ್, ಪ್ರೈಮರ್, ಪೇಂಟ್. ಅದು ಒಂದು ಸಂಜೆಯ ಕೆಲಸ.

ಹೆಚ್ಚು ಸಮಯ ಹೋಗಿದ್ದು ಫೋಮ್ ಆರಿಸೋದಕ್ಕೆ. ಕೈಯಲ್ಲಿ ಒತ್ತಿ ಮೆತ್ತಗಿದೆ ಅಂತ ತಗೋಬೇಡಿ, ಸಾಂದ್ರತೆ ಕೇಳಿ. ಒಂದು ಘನ ಮೀಟರಿಗೆ 20 ಕಿಲೋ ಆಸುಪಾಸಿನ ಫೋಮ್ ಮೊದಲ ದಿನ ಹಾಯಾಗಿರುತ್ತದೆ, ಬೇಗ ಕುಸಿಯುತ್ತದೆ. ಕೂರುವ ಭಾಗಕ್ಕೆ 40ರಿಂದ 50 ಕಿಲೋದ್ದು ಬೇಕು. ನಾನು ಬಾಗಿಲ ಕಡೆಯ ಅಂಚಿಗೆ ಮಾತ್ರ ಚೂರು ಫೋಮನ್ನು ಒತ್ತಿ ಮಾಡಿದ ಗಟ್ಟಿ ಫೋಮ್ ಪಟ್ಟಿ ಅಂಟಿಸಿದೆ. ಫೋಮನ್ನು ಹೊದಿಕೆಯ ಅಳತೆಗಿಂತ ಸುತ್ತಲೂ 10 ಮಿಲಿಮೀಟರ್ ಜಾಸ್ತಿ ಇಟ್ಟು ಕತ್ತರಿಸಿದರೆ, ಹೊದಿಕೆ ಬಿಗಿಯಾಗಿ ಕೂರುತ್ತದೆ, ಸುಕ್ಕು ಬೀಳೋದಿಲ್ಲ.

ಹೊಸ ಹೊದಿಕೆ ಕತ್ತರಿಸೋದಕ್ಕೆ ಹಳೆಯದೇ ಅಳತೆ. ಹೊಲಿಗೆ ಬಿಚ್ಚುವ ಮೊದಲು ಪ್ರತಿ ತುಂಡಿನ ಮೇಲೂ ಮುಂದೆ, ಹಿಂದೆ, ನಡು ಅಂತ ಬರೆದುಕೊಳ್ಳಿ, ಜೋಡಿಸುವಲ್ಲೆಲ್ಲ ಗೀಟು ಹಾಕಿ. ಬಿಚ್ಚಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ದಾರ ಪಾಲಿಯೆಸ್ಟರ್ ಇರಲಿ. ನೈಲಾನ್ ಗಟ್ಟಿಯೇ, ಆದರೆ ಟಾಪ್ ತೆಗೆದು ಓಡಾಡುವ ಗಾಡಿಯಲ್ಲಿ ಬಿಸಿಲಿಗೆ ಅದು ಬೇಗ ಸೊರಗುತ್ತದೆ. ರೆಕ್ಸಿನ್ ಎಳೆಯುವಾಗ ಹೇರ್ ಡ್ರೈಯರಿನಲ್ಲಿ ಸ್ವಲ್ಪ ಬಿಸಿ ಮಾಡಿದರೆ ಮೂಲೆಗಳು ತಾವಾಗಿ ಬಾಗುತ್ತವೆ. ಅಡಿಭಾಗಕ್ಕೆ ರೆಕ್ಸಿನ್ ಹಾಕಬೇಡಿ. ಹೊಲಿಗೆಯ ತೂತಿನಿಂದ ನೀರು ಹೇಗೂ ಒಳಗೆ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಬೇಕಲ್ವಾ? ಬಟ್ಟೆ ಸಾಕು.

ಪೂರ್ತಿ ಬಿಗಿಯುವ ಮೊದಲು ಸೀಟು ಗಾಡಿಯಲ್ಲಿಟ್ಟು ಕೂತು ನೋಡಿದೆ. ಹೊಸ ಫೋಮ್ ನನ್ನನ್ನು ಎರಡು ಬೆರಳಿನಷ್ಟು ಮೇಲೆತ್ತಿತ್ತು. ತೊಡೆ ಸ್ಟೀರಿಂಗಿಗೆ ತಾಗುತ್ತಿತ್ತು, ಕ್ಲಚ್ ಪೂರ್ತಿ ಒತ್ತಲು ಕಾಲು ಚಾಚಬೇಕಿತ್ತು. ಮುಂದಿನ ಅಂಚನ್ನು ಸ್ವಲ್ಪ ಸವರಿದ ಮೇಲೆ ಸರಿಹೋಯಿತು.

ಬೇರೆ ಕಾರಿನ ಸೀಟನ್ನೇ ತಂದು ಕೂರಿಸಿ ಅಂತ ತುಂಬ ಜನ ಹೇಳಿದ್ದರು. ಚೌಕಟ್ಟೇ ಕೊಳೆತುಹೋಗಿದ್ದರೆ ಒಪ್ಪುತ್ತೇನೆ. ಆದರೆ ಆ ಸೀಟು ಹಿಂದೆ ಮುಂದೆ ಜಾರುವ ಹಳಿ ನಮ್ಮ ಗಾಡಿಯ ನೆಲದ ತೂತಿಗೆ ಕೂರೋದಿಲ್ಲ, ಹೊಸ ತೂತು ಕೊರೆಯಬೇಕು. ತೆಳು ತಗಡಿನ ನೆಲಕ್ಕೆ ಬರೀ ವಾಷರ್ ಹಾಕಿ ಬಿಗಿದರೆ, ಗುದ್ದಿದಾಗ ಬೋಲ್ಟು ತಗಡನ್ನೇ ಹರಿದುಕೊಂಡು ಬರುತ್ತದೆ. ಕೆಳಗಡೆ ದಪ್ಪ ಉಕ್ಕಿನ ಪಟ್ಟಿ ಕೊಟ್ಟು, ಕನಿಷ್ಠ 8.8 ಗ್ರೇಡಿನ (ಬೋಲ್ಟಿನ ಬಲ ಹೇಳುವ ಅಂಕಿ) ಬೋಲ್ಟು ಹಾಕಿ. ಸೀಟ್ ಬೆಲ್ಟಿನ ಬಕಲ್ ಸೀಟಿಗೇ ಜೋಡಿಸಿರುವ ಮಾದರಿಯಾದರೆ ಆ ಭಾರವೂ ಅದೇ ಬೋಲ್ಟುಗಳ ಮೇಲೆ ಬೀಳುತ್ತದೆ.

ಈಗ ಸೊಂಟದ ನೋವು ಇಲ್ಲ. ಹಿಂದಿನ ಬೆಂಚ್ ಸೀಟು ಮಾತ್ರ ಬಾಕಿ ಇದೆ. ಮಳೆ ಬಂದ ಮಾರನೇ ದಿನ ಅದರ ಮೂಲೆ ಒತ್ತಿದರೆ ಹೊಲಿಗೆಯಲ್ಲಿ ಇನ್ನೂ ನೀರು ಜಿನುಗುತ್ತದೆ.