ಪರಿಸರ ಕೆಲಸಕ್ಕೆ ಅನುದಾನ ಎಲ್ಲಿ ಸಿಗುತ್ತದೆ?

"ನಮ್ಮ ಭಾಗದ ಕಾಡು, ಜೌಗುನೆಲ ಉಳಿಸಬೇಕೆಂದಿದ್ದೇವೆ, ಅನುದಾನ ಎಲ್ಲಿ ಸಿಗುತ್ತದೆ?" ಸಣ್ಣ ಪರಿಸರ ಗುಂಪುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಲ್ಲಿ ಎಂಬುದಕ್ಕೆ ಉತ್ತರ ಸುಲಭ. ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು, ಕೇಳಿದ ಹಣಕ್ಕೂ ಮಾಡುವ ಕೆಲಸಕ್ಕೂ ತಾಳೆ ಆಗದೆ.

ಮೊದಲು ಸುಲಭದ್ದನ್ನು ಮುಗಿಸೋಣ. ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಕಾರ್ಯಕ್ರಮ 1992ರಿಂದ ನಡೆಯುತ್ತಿದೆ. ಅದರ ಹಣ ಸಮುದಾಯ ಸಂಘಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ನೇರವಾಗಿ ಹೋಗುತ್ತದೆ. ಯಾರಿಗೆ ಕೊಡಬೇಕೆಂದು ಆಯಾ ದೇಶದ ರಾಷ್ಟ್ರೀಯ ಸಮಿತಿ ತೀರ್ಮಾನಿಸುತ್ತದೆ. ಬಹುಕಾಲ ಅದರ ಗರಿಷ್ಠ ಮಿತಿ 50,000 ಡಾಲರ್ ಇತ್ತು. ಕ್ರಿಟಿಕಲ್ ಇಕೋಸಿಸ್ಟಮ್ ಪಾರ್ಟ್‌ನರ್‌ಶಿಪ್ ಫಂಡ್ ಎಂಬ ನಿಧಿ ಜೀವವೈವಿಧ್ಯದ ಹಾಟ್‌ಸ್ಪಾಟ್‌ಗಳಲ್ಲಿ, ಅಂದರೆ ಬೇರೆಲ್ಲೂ ಇಲ್ಲದ ಜೀವಪ್ರಭೇದಗಳು ಹೇರಳವಾಗಿದ್ದು ಮೂಲ ಸಸ್ಯಸಂಪತ್ತು ಬಹುಪಾಲು ನಾಶವಾಗಿರುವ ಪ್ರದೇಶಗಳಲ್ಲಿ, ಮಾತ್ರ ಕೆಲಸ ಮಾಡುತ್ತದೆ. ಜಗತ್ತಿನಲ್ಲಿ ಅಂಥವು 36 ಇವೆ, ಆದರೆ ಎಲ್ಲದಕ್ಕೂ ಒಂದೇ ಕಾಲಕ್ಕೆ ಹಣ ಬಿಡುಗಡೆ ಆಗುವುದಿಲ್ಲ. ಒಂದೇ ಜೀವಪ್ರಭೇದದ ಮೇಲೆ ಕೆಲಸ ಮಾಡುವವರು ಮೊಹಮ್ಮದ್ ಬಿನ್ ಜಾಯೆದ್ ಪ್ರಭೇದ ಸಂರಕ್ಷಣಾ ನಿಧಿಯನ್ನು ನೋಡಬಹುದು. ಅಲ್ಲಿ 25,000 ಡಾಲರ್‌ವರೆಗೆ ಕೇಳಬಹುದು. ಅರ್ಜಿ ತುಂಬುವ ಮೊದಲು ಆ ನಿಧಿ ಈಚೆಗೆ ಯಾವ ಯೋಜನೆಗಳಿಗೆ, ಎಷ್ಟೆಷ್ಟು ಕೊಟ್ಟಿದೆ ಎಂಬ ಪಟ್ಟಿ ಓದಿ. ನಿಯಮಾವಳಿ ಹೇಳದ್ದನ್ನು ಆ ಪಟ್ಟಿ ಹೇಳುತ್ತದೆ.

ಇನ್ನು ಕಷ್ಟದ ಭಾಗ. "ಜಾಗೃತಿ ಮೂಡಿಸುವುದು", "ಜೀವವೈವಿಧ್ಯ ವೃದ್ಧಿಸುವುದು" ಎಂದು ಬರೆದ ಉದ್ದೇಶವನ್ನು ಪರಿಶೀಲಕರು ಅರ್ಧ ನಿಮಿಷದಲ್ಲಿ ದಾಟಿಬಿಡುತ್ತಾರೆ, ಅಳೆಯಲು ಅಲ್ಲಿ ಏನೂ ಇಲ್ಲವಲ್ಲ. "10 ಹೆಕ್ಟೇರ್‌ನಲ್ಲಿ ಸ್ಥಳೀಯ ಜಾತಿಯ 4,000 ಸಸಿ ನೆಟ್ಟು, 24ನೇ ತಿಂಗಳಲ್ಲಿ ಶೇ 75 ಬದುಕಿರುವಂತೆ ನೋಡಿಕೊಳ್ಳುವುದು" ಎಂದರೆ ಮಾತು ಬೇರೆ. ಅದನ್ನು ಯಾರು, ಹೇಗೆ ಎಣಿಸುತ್ತಾರೆ, ಕೆಲಸ ಶುರುವಾಗುವ ಮೊದಲು ನೆಲ ಹೇಗಿತ್ತು ಎಂಬುದಕ್ಕೆ ದಾಖಲೆ ಏನಿದೆ, ಇವೂ ಜೊತೆಗೇ ಇರಬೇಕು. ಗುರುತು ಕಲ್ಲು ನೆಟ್ಟ ಜಾಗದಿಂದ, ಒಂದೇ ದಿಕ್ಕಿಗೆ, ಪ್ರತಿ ವರ್ಷ ಅದೇ ತಿಂಗಳಲ್ಲಿ ತೆಗೆದ ಫೋಟೊ ಕೂಡ ಒಳ್ಳೆಯ ದಾಖಲೆಯೇ. ಮೊದಲ ಫೋಟೊಗೆ ಅನುದಾನ ಬರಲೆಂದು ಕಾಯಬೇಡಿ.

ಬಜೆಟ್ ಕೂಡ ಅದೇ ನೆಲದಿಂದಲೇ ಏಳಬೇಕು. ಮೇಲಿನ 4,000 ಸಸಿಯನ್ನೇ ತೆಗೆದುಕೊಳ್ಳಿ. ಸತ್ತ ಸಸಿಗಳ ಜಾಗದಲ್ಲಿ ಮರುನಾಟಿಗೆ ಶೇ 20 ಎಂದರೆ ಇನ್ನೂ 800. ನರ್ಸರಿಯಲ್ಲೇ ಹಾಳಾಗುವ ಶೇ 10 ಸೇರಿಸಿದರೆ ಸುಮಾರು 5,300 ಸಸಿ ಬೆಳೆಸಬೇಕು. ಒಬ್ಬರು ದಿನಕ್ಕೆ 25 ಗುಂಡಿ ತೆಗೆಯುತ್ತಾರೆಂದರೆ ಗುಂಡಿಗೇ 160 ಆಳುದಿನ. ಕಲ್ಲು ನೆಲವಾದರೆ ಹದಿನೈದು ಗುಂಡಿಯೂ ಕಷ್ಟ, ಆಗ 267. ಮೊದಲ ಎರಡು ವರ್ಷ ಕಳೆ ತೆಗೆಯುವುದು, ಬೇಲಿ, ಕಾವಲು, ಬೇಸಿಗೆಯಲ್ಲಿ ಬೆಂಕಿಪಟ್ಟೆ (ಬೆಂಕಿ ಹರಡದಂತೆ ಸುತ್ತ ಸವರಿದ ಪಟ್ಟೆ) ಇವೆಲ್ಲ ಪ್ರತ್ಯೇಕ ಸಾಲುಗಳಾಗಿ ಬರಬೇಕು. "ನೆಡುತೋಪು: ಒಟ್ಟು ಮೊತ್ತ" ಎಂಬ ಒಂಟಿ ಸಾಲನ್ನು ಯಾರೂ ನಂಬುವುದಿಲ್ಲ. ಪ್ರತಿ ಸಾಲಿನಲ್ಲೂ ಎಷ್ಟು, ಯಾವ ದರ, ಎಷ್ಟು ತಿಂಗಳು ಎಂಬುದು ಕಾಣಲಿ. ಲೆಕ್ಕಪರಿಶೋಧಕರ ಶುಲ್ಕ, ಬ್ಯಾಂಕ್ ಶುಲ್ಕ, ವಿದೇಶಿ ಹಣವಾದರೆ ವಿನಿಮಯ ದರದ ಏರಿಳಿತ ಇವನ್ನು ಬಹಳಷ್ಟು ಗುಂಪುಗಳು ಮರೆತು, ಕೊನೆಗೆ ಕೈಯಿಂದ ಹಾಕುತ್ತವೆ. ಜಮೀನು ಖರೀದಿಗೂ ಒಪ್ಪಂದಕ್ಕೆ ಸಹಿ ಬೀಳುವ ಮೊದಲಿನ ಖರ್ಚಿಗೂ ಸಾಮಾನ್ಯವಾಗಿ ಹಣ ಸಿಗುವುದಿಲ್ಲ.

ಲಂಟಾನದಂಥ ಕಳೆಯ ವಿಷಯದಲ್ಲಿ ಆಸೆಬುರುಕತನವೇ ಶತ್ರು. ಒಂದು ವರ್ಷದ ಹಣದಲ್ಲಿ 20 ಹೆಕ್ಟೇರ್ ಕಡಿದು ಬಿಟ್ಟರೆ, ಮಣ್ಣಿನಲ್ಲಿ ಉಳಿದ ಬೀಜ ಮತ್ತು ಬುಡದಿಂದ ಅದು ಮತ್ತೆ ಎದ್ದು ನಿಲ್ಲುತ್ತದೆ. ಅದೇ ಹಣಕ್ಕೆ 6 ಹೆಕ್ಟೇರ್ ಆರಿಸಿಕೊಂಡು, ಬೇರು ಸಮೇತ ಕಿತ್ತು, ಮತ್ತೆ ಚಿಗುರಿದ್ದನ್ನು ಮೂರು ವರ್ಷ ಕೀಳುತ್ತಿರುತ್ತೇವೆಂದು ಬರೆದ ಅರ್ಜಿಗೆ ಹೆಚ್ಚು ಬೆಲೆ. ದೊಡ್ಡ ಅಂಕಿ ನೋಡಿ ದಾನಿಗಳು ಮರುಳಾಗುತ್ತಾರೆ ಎಂಬುದು ಅರ್ಜಿ ಬರೆಯುವವರ ಭ್ರಮೆ.

ಕಾಲ ತಪ್ಪಿದರೂ ಕೆಲಸ ಕೆಟ್ಟಂತೆಯೇ. ಅರ್ಜಿ ಹಾಕಿದ ಮೇಲೆ ಉತ್ತರ ಬರಲು ನಾಲ್ಕರಿಂದ ಆರು ತಿಂಗಳು, ಒಪ್ಪಂದವಾಗಿ ಮೊದಲ ಕಂತು ಬರಲು ಇನ್ನೆರಡು ತಿಂಗಳು ಹಿಡಿಯಬಹುದು. ಅನೇಕ ಕಾಡುಜಾತಿಯ ಸಸಿಗಳಿಗೆ ನರ್ಸರಿಯಲ್ಲಿ ಆರು ತಿಂಗಳಿಗೂ ಹೆಚ್ಚು ಬೇಕು. ಮಳೆ ಶುರುವಾಗುವ ತಿಂಗಳಿಂದ ಹಿಂದಕ್ಕೆ ಎಣಿಸಿ ಅರ್ಜಿಯ ದಿನ ಗೊತ್ತುಮಾಡಿ. ಮಳೆ ಮುಗಿದ ಮೇಲೆ ಕಂತು ಬಂದರೆ ಒಂದು ವರ್ಷ ಹೋದಂತೆ, ಸಂಬಳ ಮಾತ್ರ ನಡೆಯುತ್ತಿರುತ್ತದೆ. ಕೊನೆಯ ಕಂತನ್ನು, ಹಲವು ಕಡೆ ಒಟ್ಟು ಮೊತ್ತದ ಶೇ 10ರಷ್ಟನ್ನು, ಅಂತಿಮ ವರದಿ ಒಪ್ಪಿಗೆಯಾದ ಮೇಲೆಯೇ ಕೊಡುತ್ತಾರೆ. ಅಷ್ಟು ದಿನ ಆ ಖರ್ಚು ಯಾವ ಹಣದಿಂದ ನಡೆಯುತ್ತದೆ ಎಂಬುದು ಮೊದಲೇ ಗೊತ್ತಿರಲಿ.

ಕಾಗದಪತ್ರಗಳಲ್ಲಿ ನೋಂದಣಿ, ಹಿಂದಿನ ವರ್ಷಗಳ ಪರಿಶೋಧಿತ ಲೆಕ್ಕ, ನೆಲದ ಒಡೆಯರ ಅಥವಾ ಅರಣ್ಯ ಇಲಾಖೆಯ ಒಪ್ಪಿಗೆ ಪತ್ರ ಬೇಕಾಗುತ್ತದೆ. ಇವುಗಳಲ್ಲಿ ಒಪ್ಪಿಗೆ ಪತ್ರವೇ ಎಲ್ಲಕ್ಕಿಂತ ತಡ ಮಾಡುವುದು, ಅದನ್ನೇ ಮೊದಲು ಕೇಳಿ. ಅಲ್ಲಿ ದನ ಮೇಯಿಸುವವರು, ಸೌದೆ ತರುವವರು ಇದ್ದರೆ ಅವರನ್ನು ಯೋಜನೆ ಬರೆಯುವ ಮುಂಚೆಯೇ ಕೂರಿಸಿ ಮಾತಾಡಬೇಕು, ಆಮೇಲೆ ಸಹಿ ಹಾಕಿಸಿಕೊಂಡರೆ ಬೇಲಿ ಉಳಿಯುವುದಿಲ್ಲ. ನೋಂದಣಿ ಇಲ್ಲದ ಗುಂಪು, ದೇಶದೊಳಗಿನ ಹಣಕ್ಕಾದರೆ, ಲೆಕ್ಕ ನೋಡಿಕೊಳ್ಳಬಲ್ಲ ನೋಂದಾಯಿತ ಸಂಸ್ಥೆಯೊಂದರ ಮೂಲಕ ಅರ್ಜಿ ಹಾಕಬಹುದು. ಆ ಸಂಸ್ಥೆಯ ಶುಲ್ಕ, ಹಣ ಬಿಡುವ ಗಡುವು ಎರಡೂ ಬರವಣಿಗೆಯಲ್ಲಿರಲಿ.

ಅರ್ಜಿ ತಿರಸ್ಕಾರವಾದರೆ ಪರಿಶೀಲಕರ ಟಿಪ್ಪಣಿ ಕೇಳಿ, ಎಲ್ಲರೂ ಕೊಡದಿದ್ದರೂ ಕೆಲವರು ಕೊಡುತ್ತಾರೆ. "ಬಜೆಟ್ ಸ್ಪಷ್ಟವಿಲ್ಲ" ಎಂದಿದ್ದರೆ ತಿದ್ದಿ ಮುಂದಿನ ಸುತ್ತಿಗೆ ಅಲ್ಲಿಗೇ ಕಳಿಸಿ. "ನಮ್ಮ ಆದ್ಯತೆಗೆ ಹೊಂದುವುದಿಲ್ಲ" ಎಂದಿದ್ದರೆ ತಿದ್ದುತ್ತಾ ಕೂರದೆ ಬೇರೆ ನಿಧಿ ಹುಡುಕಿ.