ಮುಚ್ಚಿಗೆಗೆ ದುಡ್ಡು ಕೊಡುವವರು ಯಾರು?

ಸಂಗೀತದ ಟ್ರಸ್ಟೊಂದರಲ್ಲಿ ಟ್ರಸ್ಟಿಯಾಗಿದ್ದೇನೆ ಅಂದ ತಕ್ಷಣ ಜನ ಕೇಳುವುದು, 'ನೀವು ಹಾಡ್ತೀರಾ?' ಇಲ್ಲ ಅಂದರೆ, 'ಹಂಗಾದ್ರೆ ಪಾಸಾದ್ರೂ ಕೊಡಿಸ್ತೀರಾ?' ಅದೂ ಆಗುವುದಿಲ್ಲ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ನಿವೃತ್ತನಾದವನು. ನನ್ನನ್ನು ಕರೆದದ್ದೇ ಲೆಕ್ಕ ನೋಡಲಿಕ್ಕೆ. ಕರ್ನಾಟಕ ಸಂಗೀತದ ಮೂಲ ರಾಗಗಳು, ಅಂದರೆ ಮೇಳಕರ್ತಗಳು, 72 ಎಂದು ಗೊತ್ತು, ಕೇಳಿದರೆ ಗುರುತು ಹಿಡಿಯುವುದು ಒಂದು ಕೈ ಬೆರಳಿಗೆ ಮುಗಿಯುತ್ತದೆ.

ಬೆಂಗಳೂರಿನಲ್ಲಿ ಸಂಗೀತ ಕಛೇರಿ ಮಾಡಿಸುವವರಿಗೆ ಬರವಿಲ್ಲ. ಗಾಯನ ಸಮಾಜ 1905ರಿಂದ ಇದೆ. ಚಾಮರಾಜಪೇಟೆಯ ರಾಮಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವ 1939ರಷ್ಟು ಹಳೆಯದು. ನಮ್ಮದು ಆ ಸಾಲಿನದ್ದಲ್ಲ. ಸಂಗೀತದ ಹುಚ್ಚಿದ್ದ ಹಿರಿಯರೊಬ್ಬರು ಸೈಟು ಮಾರಿ ಇಟ್ಟುಹೋದ ಇಡುಗಂಟು, ಅದರ ಬಡ್ಡಿ, ಮೇಲೆ ಅಷ್ಟಿಷ್ಟು ದೇಣಿಗೆ. ಇಡುಗಂಟನ್ನು ಮುಟ್ಟುವಂತಿಲ್ಲ. ಠೇವಣಿ ಬಡ್ಡಿ ಅರ್ಧ ಪರ್ಸೆಂಟ್ ಇಳಿಯಿತು ಅಂದರೆ ಯಾರೋ ಒಂದು ಹುಡುಗಿಯ ವಿದ್ಯಾರ್ಥಿವೇತನಕ್ಕೆ ಕತ್ತರಿ ಬಿತ್ತು ಎಂದೇ ಅರ್ಥ. 'ಷೇರಿಗೆ ಹಾಕಿ ಸಾರ್' ಎಂದು ಬುದ್ಧಿ ಹೇಳುವವರಿದ್ದಾರೆ. ಧರ್ಮಾರ್ಥ ಟ್ರಸ್ಟಿನ ಹಣ ಎಲ್ಲೆಲ್ಲಿ ಇಡಬಹುದು ಎಂದು ಆದಾಯ ತೆರಿಗೆ ಕಾನೂನೇ ಪಟ್ಟಿ ಮಾಡಿದೆ, ಕಂಡಕಂಡ ಕಂಪನಿಯ ಷೇರು ಅದರಲ್ಲಿಲ್ಲ. ಹಾಗಂತ ಬಂದದ್ದನ್ನೆಲ್ಲ ಕೂಡಿಡುವುದಕ್ಕೂ ಆಗದು. ವರ್ಷದ ಆದಾಯದಲ್ಲಿ ಶೇ. 85ರಷ್ಟು ಉದ್ದೇಶಕ್ಕೆ ಖರ್ಚಾಗಬೇಕು, ಉಳಿಸಿಕೊಳ್ಳುವುದಾದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಕಾರಣ. ಹೀಗಾಗಿ ಫೆಬ್ರವರಿ ಬಂತೆಂದರೆ ನಮ್ಮ ಸಭೆಗಳಿಗೆ ಬಿಸಿ ಏರುತ್ತದೆ.

ಹೋದ ಫೆಬ್ರವರಿಯ ಸಭೆ ಎಂದಿನಂತೆ ಬಸವನಗುಡಿಯಲ್ಲಿ, ಕಾರ್ಯದರ್ಶಿಗಳ ಮನೆ ಮಹಡಿಯ ಮೇಲೆ. ಕಂಪನಿಯೊಂದರ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಯುವಕ ಬಂದಿದ್ದ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ಕೊಡಬೇಕು, ಸಾಂಪ್ರದಾಯಿಕ ಕಲೆಯೂ ಆ ಪಟ್ಟಿಯಲ್ಲಿದೆ. ಅವನ ಯೋಜನೆ ಸ್ಪಷ್ಟವಿತ್ತು. ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ದೊಡ್ಡ ಹೆಸರಿನ ಕಲಾವಿದರ ಕಛೇರಿ, ವೇದಿಕೆಯ ಹಿಂದೆ ಕಂಪನಿಯ ಬ್ಯಾನರ್, ಹೊರಗೆ ಅವರ ಹೊಸ ಉತ್ಪನ್ನದ ಸ್ಟಾಲ್.

'ಸ್ಟಾಲ್ ಹಾಕಿದರೆ ಅದು ಜಾಹೀರಾತಪ್ಪ, ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. 2021ರ ತಿದ್ದುಪಡಿ ನೋಡು' ಅಂದೆ. ಪಾಪ, ಒಳ್ಳೆಯ ಹುಡುಗ. 'ಸ್ಟಾಲ್ ಬಿಟ್ಬಿಡೋಣ ಸರ್' ಎಂದು ಕೂಡಲೇ ಒಪ್ಪಿದ.

ಆಗ ಮೇಷ್ಟ್ರು ಬಾಯಿಬಿಟ್ಟರು. ಜೀವಮಾನವೆಲ್ಲ ಮೃದಂಗ ನುಡಿಸಿ, ಕಲಿಸಿ, ಈಗ ಮಂಡಿ ನೋವಿಗೆ ಕುರ್ಚಿ ಹಿಡಿದವರು. 'ಇದರಲ್ಲಿ ಕಾಲು ಭಾಗ ನಮ್ಮ ಮಕ್ಕಳ ಮೃದಂಗ, ವೀಣೆ ರಿಪೇರಿಗೆ ಕೊಡಿ. ಇಡೀ ವರ್ಷ ನಡೆಯತ್ತೆ.'

ಹುಡುಗ ಸ್ವಲ್ಪ ಯೋಚಿಸಿ ಕೇಳಿದ, 'ರಿಪೇರಿದು ಫೋಟೋ ಏನು ಸರ್ ತೆಗೆಯೋದು?'

ಕುಹಕವಿರಲಿಲ್ಲ ಅದರಲ್ಲಿ. ಅವನ ಮೇಲಿನವರಿಗೆ ವರದಿ ಹೋಗಬೇಕು, ವರದಿಗೆ ಫೋಟೋ ಬೇಕು. ಫೋಟೋಕ್ಕೆ ಸಿಗುವುದಕ್ಕೆ ದುಡ್ಡು ಸಿಗುತ್ತದೆ. ಅವನೊಬ್ಬನನ್ನೇ ಏಕೆ ಅನ್ನಲಿ, ಅಮ್ಮನ ಹೆಸರಿನಲ್ಲಿ ದೇಣಿಗೆ ಕೊಡುವವರೂ ಕೇಳುವುದು ಕಛೇರಿ, ಶಾಲು, ಸ್ಮರಣಿಕೆಯನ್ನೇ.

ಫೋಟೋ ತೆಗೆಯಲು ಅಲ್ಲಿ ಏನೂ ಇಲ್ಲ ಎಂದು ಮಾತ್ರ ನಾನು ಒಪ್ಪುವುದಿಲ್ಲ. ಮೇಷ್ಟ್ರು ಒಮ್ಮೆ ನನ್ನನ್ನು ಬಳೇಪೇಟೆ ಕಡೆ ಒಂದು ಅಂಗಡಿಗೆ ಕರೆದೊಯ್ದಿದ್ದರು. ಮೃದಂಗಕ್ಕೆ ಹೊಸ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ ಕಟ್ಟಿ, ಬಲಗಡೆಗೆ ಕರಣೆ ಹಾಕುತ್ತಿದ್ದರು. ಕಿಟ್ಟದ ಪುಡಿಯನ್ನು ಅನ್ನದ ಜೊತೆ ಅರೆದ ಕಪ್ಪು ಮುದ್ದೆ. ಉಗುರಿನಷ್ಟು ತೆಗೆದು ಚರ್ಮದ ನಡುವೆ ತೆಳ್ಳಗೆ ಸವರುವುದು, ನುಣ್ಣನೆಯ ಕಲ್ಲಿನಿಂದ ಒಣಗುವವರೆಗೆ ಉಜ್ಜುವುದು, ಬೆರಳಲ್ಲಿ ಮೀಟಿ ಕಿವಿಗೊಡುವುದು, ಮತ್ತೆ ಸವರುವುದು. ಆತ ತಲೆ ಎತ್ತಿ ನಮ್ಮ ಜೊತೆ ಮಾತಾಡುತ್ತಲೇ ಇದ್ದ, ಕಲ್ಲು ಮಾತ್ರ ನಿಲ್ಲಲಿಲ್ಲ. ನಾವು ಊಟ ಮುಗಿಸಿ ಬಂದಾಗಲೂ ಕರಣೆ ಪೂರ್ತಿಯಾಗಿರಲಿಲ್ಲ. ದಿನಾ ಸಾಧನೆ ಮಾಡುವ ಹುಡುಗನ ಕೈಯಲ್ಲಿ ಇಷ್ಟು ಕಷ್ಟದ ಮುಚ್ಚಿಗೆಗೆ ಆಯಸ್ಸು ಕೆಲವೇ ತಿಂಗಳು. ಹೆಚ್ಚು ಸಾಧನೆ ಮಾಡಿದವನಿಗೆ ಹೆಚ್ಚು ಖರ್ಚು! ವೀಣೆಯದ್ದೂ ಇದೇ ಪಾಡು. ಸ್ವರದ ಮೆಟ್ಟಿಲುಗಳನ್ನು ಹಿಡಿದಿಟ್ಟ ಮೇಣ ಸಡಿಲವಾದರೆ 24ನ್ನೂ ಕಿತ್ತು ಹೊಸದಾಗಿ ಕೂರಿಸಬೇಕು.

ಯುವಕ ಹೋದ ಮೇಲೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ತೆಗೆದುಕೊಂಡೆವು. ಒಂದು ಅರ್ಜಿ ನಮ್ಮ ಟ್ರಸ್ಟಿಯೊಬ್ಬರ ತಂಗಿಯ ಮಗಳದ್ದು. ಹುಡುಗಿ ಚೆನ್ನಾಗಿ ಹಾಡುತ್ತಾಳಂತೆ, ಇರಬಹುದು. ಟ್ರಸ್ಟಿಗಳ ನೆಂಟರಿಷ್ಟರಿಗೆ ಟ್ರಸ್ಟಿನ ಹಣ ಹೋದರೆ ತೆರಿಗೆ ವಿನಾಯಿತಿಗೆ ಕುತ್ತು. ಚರ್ಚೆಯಾಗುವಾಗ ನೀವು ಕೆಳಗಿರಿ ಅಂದಿದ್ದಕ್ಕೆ ಅವರು ಮುಖ ಊದಿಸಿಕೊಂಡು ಮೆಟ್ಟಿಲಿಳಿದರು. ಅರ್ಜಿ ಪಕ್ಕಕ್ಕಿಟ್ಟದ್ದನ್ನು ಹೇಳಲು ಕರೆದಾಗ ಕೊಡುಬಳೆ ತಟ್ಟೆ ಖಾಲಿ ಮಾಡಿದ್ದರು.

ಕಛೇರಿಯ ವಿಷಯ ಮತಕ್ಕೆ ಹೋಯಿತು. ನಾನೂ ಮೇಷ್ಟ್ರೂ ಬೇಡ ಅಂದೆವು, ಉಳಿದವರೆಲ್ಲ ಬೇಕು ಅಂದರು. ಸೋತ ಮೇಲೆ ಮೇಷ್ಟ್ರು ಒಂದು ಷರತ್ತು ಬರೆಸಿದರು: ಪಕ್ಕವಾದ್ಯದವರ ಸಂಭಾವನೆ ಮುಖ್ಯ ಕಲಾವಿದರ ಮೂಲಕ ಹೋಗಕೂಡದು, ಮೊತ್ತ ಮೊದಲೇ ಗೊತ್ತುಮಾಡಿ ಅವರವರ ಖಾತೆಗೇ ಹಾಕಬೇಕು. ಎಲ್ಲರೂ ಒಪ್ಪಿದರು. ನನ್ನ ಕಣ್ಣಿಗೆ ಆವತ್ತು ಆದ ಒಳ್ಳೆಯ ಕೆಲಸ ಅದೇ.

ರಿಪೇರಿಗೆ ನಮ್ಮ ಬಡ್ಡಿಯಲ್ಲೇ ಒಂದು ಪಾಲು ತೆಗೆದಿಟ್ಟೆವು. ಹಣ ನೇರ ಅಂಗಡಿಗೆ ಹೋಗಲಿ ಎಂಬುದು ನನ್ನ ಬ್ಯಾಂಕ್ ಬುದ್ಧಿ. ಬಿಲ್ ಕೊಡಿ ಅಂದರೆ ಬಳೇಪೇಟೆಯಾತ ನಕ್ಕ, ಅವನ ಬಳಿ ಬಿಲ್ ಪುಸ್ತಕವೇ ಇಲ್ಲ. ಕೊನೆಗೆ ನಾವೇ ವೋಚರ್ ಬರೆದು, ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ ಹಾಕಿಸಿಕೊಂಡೆವು.

ಏಪ್ರಿಲ್‌ನಲ್ಲಿ ಆಡಿಟರ್ ಫೋನ್ ಬಂತು. 'ಏನ್ ಸಾರ್ ಇದು, ಸಂಗೀತದ ಟ್ರಸ್ಟಲ್ಲಿ ಚರ್ಮಕ್ಕೆ ಖರ್ಚು ತೋರಿಸಿದೀರಿ? ಯಾವ ಹೆಡ್‌ಗೆ ಹಾಕ್ಲಿ?'

'ವಾದ್ಯ ದುರಸ್ತಿ ಅಂತ ಹೊಸದು ತೆಗೀರಿ' ಅಂದೆ. 'ಮುಂದಿನ ವರ್ಷಾನೂ ಬೇಕಾಗತ್ತೆ.'